ಬ್ಯಾಲಿ ಮ್ಯಾಲಿನ ಕ್ವಾಳಿ ಮತ್ತು ಎಸ್ತೋನಿಯಾ

ಸೊರಬ, ಹೊರಡುವ ಮುನ್ನ

ಎಸ್ತೋನಿಯಾ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಹುಡುಕಿದೆ. ಅದು ನಾನು ಕೆಲಸಕ್ಕೆ ಸೇರುವ ಮೊದಲೇ ತೂಗುಹಾಕಿದ್ದ ಭೂಪಟ. ಆ ದೇಶವೇ ಅದರಲ್ಲಿರಲಿಲ್ಲ, ಆ ಜಾಗದಲ್ಲಿ ಸೋವಿಯತ್ ಒಕ್ಕೂಟ ಕಾಲು ಚಾಚಿ ಮಲಗಿತ್ತು. ಇಲ್ಲದ ದೇಶಕ್ಕೆ ಅಕ್ಕೋರು ಹೋಗ್ತಾರೆ ಎಂದು ಮಕ್ಕಳು ನಕ್ಕರು.

ನಾನು ಗುಡವಿ ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಹೆಸರು ಗಿರಿಜಾ, ಮಕ್ಕಳಿಗೂ ಅವರ ತಂದೆತಾಯಿಗೂ ‘ಅಕ್ಕೋರು’. ನಾನು ವಿದೇಶಕ್ಕೆ ಆಯ್ಕೆಯಾದದ್ದು ಯಾವ ಪ್ರತಿಭೆಯಿಂದಲೂ ಅಲ್ಲ. ಕಳೆದ ವರ್ಷ ನಮ್ಮಂಥ ಕೆಲವು ಶಾಲೆಗಳಿಗೆ ಪ್ರಯೋಗವೆಂದು ಟ್ಯಾಬ್ಲೆಟ್ ಕೊಟ್ಟಿದ್ದರು. ಮಗು ಪಾಠವನ್ನು ಗಟ್ಟಿಯಾಗಿ ಓದಬೇಕು. ಯಂತ್ರ ಕೇಳಿಸಿಕೊಂಡು ಬಣ್ಣ ತೋರಿಸುತ್ತದೆ. ಹಸಿರಾದರೆ ಓದು ಚೆನ್ನಾಗಿದೆ, ಹಳದಿಯಾದರೆ ಅಭ್ಯಾಸ ಬೇಕು, ಕೆಂಪಾದರೆ ಮಗು ಹಿಂದುಳಿದವರ ಪಟ್ಟಿಗೆ. ಎಲ್ಲ ಮಕ್ಕಳ ಓದನ್ನೂ ಒಂದು ದಿನವೂ ತಪ್ಪಿಸದೆ ತುಂಬಿ ಕಳಿಸಿದವಳು ನಾನು. ಆ ಅಚ್ಚುಕಟ್ಟಿಗೆ ಸಿಕ್ಕ ಬಹುಮಾನವೇ ಈ ಪ್ರವಾಸ. ಹೊಸ ತಂತ್ರಜ್ಞಾನದಿಂದ ಇಡೀ ದೇಶದ ಶಾಲೆಗಳನ್ನು ಬದಲಿಸಿಕೊಂಡವರನ್ನು ನೋಡಿ ಬರಬೇಕು, ನಮ್ಮ ಪ್ರಯೋಗದ ಬಗ್ಗೆ ಅಲ್ಲಿ ಹತ್ತು ನಿಮಿಷ ಮಾತಾಡಬೇಕು.

ಹೊರಡುವ ಹಿಂದಿನ ದಿನ ಶಾಲೆಯಲ್ಲಿ ಎಲ್ಲರೂ ಹರಸಿದರು. ನಾಲ್ಕನೇ ತರಗತಿಯ ಭೂಮಿಕಾ ಮಾತ್ರ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಒಂದು ಕಾಲದಲ್ಲಿ ಮುಂದಿನ ಸಾಲು ಅವಳದ್ದೇ. ಮೂರು ಸಲ ಸಾಲಾಗಿ ಅವಳಿಗೆ ಕೆಂಪು ಬಂದಿತ್ತು. ಅವಳ ತಾಯಿ ರೇಣುಕಮ್ಮ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಾರೆ. ಒಂದು ದಿನ ಕೈ ಒರೆಸಿಕೊಳ್ಳುತ್ತ ಬಂದು, “ಮನೇಲಿ ಚೆನ್ನಾಗೇ ಓದ್ತಾಳಲ್ರೀ ಅಕ್ಕೋರೆ. ಅವ್ಳ ಅಜ್ಜಿಗೆ ದಿನಾ ಪೇಪರ್ ಓದಿ ಹೇಳ್ತಾಳೆ,” ಎಂದಿದ್ದರು. ನಾನು ಅವರಿಗೆ ಪರದೆಯ ಕೆಂಪು ಬಣ್ಣ ತೋರಿಸಿದೆ. ಅದಕ್ಕೂ ಮೊದಲು ಇಡೀ ತರಗತಿಯ ಎದುರು ಆ ಹುಡುಗಿಗೆ ಒಂದು ಮಾತು ಹೇಳಿದ್ದೆ: “ಯಂತ್ರ ಯಾಕೆ ಸುಳ್ಳು ಹೇಳುತ್ತೆ? ನೀನೇ ಸರಿಯಾಗಿ ಓದ್ಬೇಕು.” ಅಂದಿನಿಂದ ಅವಳು ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಳು. ಸೂಟ್‌ಕೇಸಿಗೆ ಸ್ವೆಟರ್ ತುಂಬುವಾಗ ನನಗೆ ಇದಾವುದೂ ನೆನಪಿರಲಿಲ್ಲ.

ಶಿಕಾರಿಪುರದಿಂದ ಮುಂದಕ್ಕೆ

ಶಿಕಾರಿಪುರದ ನಿಲ್ದಾಣದಲ್ಲಿ ಚನ್ನಬಸಪ್ಪ ಸರ್ ಬಸ್ ಹತ್ತಿದರು. ಅವರು ಅಲ್ಲಿಯ ಒಂದು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು, ಈ ಪ್ರವಾಸದಲ್ಲಿ ನನ್ನ ಜೊತೆಗಾರರು. ಒಂದು ಚೀಲದ ತುಂಬ ಖಡಕ್ ರೊಟ್ಟಿ, ಇನ್ನೊಂದರ ತುಂಬ ಚಾರ್ಜರುಗಳು. ಶಿವಮೊಗ್ಗ ಬರುವಷ್ಟರಲ್ಲಿ ಅವರ ಶಾಲೆಯ ಕಥೆಯೆಲ್ಲ ನನಗೆ ಗೊತ್ತಾಯಿತು. ಕಬ್ಬು ಕಡಿಯುವ ಕಾಲಕ್ಕೆ ತಂದೆತಾಯಿಯ ಜೊತೆ ಬೇರೆ ಜಿಲ್ಲೆಗೆ ಹೋಗುತ್ತಿದ್ದ ಮಕ್ಕಳು ಮೊದಲೆಲ್ಲ ವರ್ಷ ಕಳೆದುಕೊಳ್ಳುತ್ತಿದ್ದರಂತೆ. ಈಗ ಗದ್ದೆಯ ಬದುವಿನಲ್ಲಿ ಕೂತು ಅಪ್ಪನ ಫೋನಿನಲ್ಲಿ ಪಾಠ ಕೇಳಿ ಪರೀಕ್ಷೆಗೆ ಬರುತ್ತಿದ್ದಾರೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು, ಅದಕ್ಕೆ ಕಾರಣವೂ ಇತ್ತು.

ಓದಿಸುವ ಯಂತ್ರದ ಮಾತು ಬಂದಾಗ ನಾನು, ಕೆಲವು ಮಕ್ಕಳಿಗೆ ಯಾಕೋ ಅದು ಒಗ್ಗುತ್ತಿಲ್ಲ ಎಂದೆ. ಅವರು ಒಪ್ಪಲಿಲ್ಲ.

“ನೋಡ್ರಿ ಮೇಡಂ, ಯಂತ್ರಕ್ಕ ಜಾತಿ ಗೊತ್ತಿಲ್ಲ, ಅಪ್ಪನ ಹೆಸ್ರು ಗೊತ್ತಿಲ್ಲ. ಗೌಡ್ರ ಮಗ ಓದ್ಲಿ, ಕೂಲಿಯವ್ನ ಮಗ ಓದ್ಲಿ, ಅದಕ್ಕ ಎಲ್ಲಾ ಒಂದೇ. ನಮಗ ಆಗ್ತದೇನ್ರಿ ಹಂಗ?”

ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಮಗೆ ಆಗುವುದಿಲ್ಲ. ಬೆಂಗಳೂರಿನಲ್ಲಿ ನಮ್ಮ ತಂಡದ ಸಂಯೋಜಕಿ ನಂದಿನಿ ಮೇಡಂ ಸಿಕ್ಕರು. ಮೂವತ್ತರ ಆಸುಪಾಸಿನ ಚುರುಕಿನ ಹೆಣ್ಣುಮಗಳು. ನನ್ನ ಹತ್ತು ನಿಮಿಷದ ಮಾತಿಗೆ ಬೇಕಾದ ಚಿತ್ರಪಟಗಳನ್ನೆಲ್ಲ ಅವರೇ ತಯಾರು ಮಾಡಿದ್ದರು. ಎಲ್ಲದರಲ್ಲೂ ಹಸಿರು ಬಣ್ಣ ಮೇಲಕ್ಕೆ ಏರುತ್ತಿತ್ತು. ನಾನು ನೋಡಿ ಓದಿದರೆ ಸಾಕಿತ್ತು.

ತಾಲ್ಲಿನ್, ಮೊದಲ ದಿನ

ತಾಲ್ಲಿನ್ ಎಸ್ತೋನಿಯಾದ ರಾಜಧಾನಿ. ನಾವು ಇಳಿದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಬಿಸಿಲಿತ್ತು, ಆದರೆ ಅದರಲ್ಲಿ ಬಿಸಿ ಇರಲಿಲ್ಲ. ಇಡೀ ದೇಶದಲ್ಲಿರುವ ಜನ ನಮ್ಮ ಶಿವಮೊಗ್ಗ ಜಿಲ್ಲೆಯ ಜನಕ್ಕಿಂತ ಕಡಿಮೆ. ಅಷ್ಟು ಜನವೂ ಮಾತನ್ನು ಖರ್ಚು ಮಾಡದೆ ಬದುಕುತ್ತಾರೆ ಎಂದು ನನಗೆ ಮೊದಲ ಟ್ರಾಮ್‌ನಲ್ಲೇ ಅನ್ನಿಸಿತು. ಚನ್ನಬಸಪ್ಪ ಸರ್ ಪಕ್ಕದವರಿಗೆಲ್ಲ ತಲೆಬಾಗಿ ನಗುತ್ತ ಬಂದರು. ಯಾರೂ ತಿರುಗಿ ನಗಲಿಲ್ಲ. ನಾಲ್ಕನೆಯ ನಿಲ್ದಾಣದ ಹೊತ್ತಿಗೆ ಅವರ ಮುಖ ಬಾಡಿತು. ಸೊರಬದ ಬಸ್ಸಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಯಾವೂರು, ಯಾರ ಮನೆ, ಎಷ್ಟು ಮಕ್ಕಳು ಎಲ್ಲವೂ ವಿಚಾರಣೆಯಾಗಿ, ಒಂದು ಬಾಳೆಹಣ್ಣೂ ಕೈಗೆ ಬಂದಿರುತ್ತಿತ್ತು.

ಸಂಜೆ ಒಬ್ಬಳೇ ಅಂಗಡಿಗೆ ಹೋದೆ. ವಿಮಾನ ಹತ್ತಿದಾಗಿನಿಂದ ಬ್ರೆಡ್ಡು ತಿಂದು ಹೊಟ್ಟೆ ಮೊಸರನ್ನ ಕೇಳುತ್ತಿತ್ತು. ಹೊಟೇಲಿನ ಕೋಣೆಯಲ್ಲಿ ಅನ್ನ ಮಾಡಿಕೊಳ್ಳಲು ಒಂದು ಪುಟ್ಟ ಕುಕ್ಕರ್ ಒಯ್ದಿದ್ದೆ, ಮೊಸರೊಂದು ಬೇಕಿತ್ತು. ಕಪಾಟಿನ ತುಂಬ ಬಿಳಿ ಡಬ್ಬಿಗಳು, ಓದಲಾರದ ಅಕ್ಷರಗಳು. ಫೋನಿನಲ್ಲಿ ಅನುವಾದದ ಸೌಲಭ್ಯವಿದೆ. ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಹೇಳುತ್ತದೆ. ಅಂಗಡಿಯಾಕೆಯ ಎದುರು ಫೋನು ಹಿಡಿದು, ಮನೆಯಲ್ಲಿ ಮಾತಾಡುವ ಹಾಗೇ, “ಮಸ್ರು ಬೇಕಿತ್ತು” ಎಂದೆ.

ಫೋನು ಏನೋ ಹೇಳಿತು. ಅವರು ಒಂದು ಕ್ಷಣ ನನ್ನನ್ನು ನೋಡಿ, ಎದೆಯ ಮೇಲೆ ಕೈಯಿಟ್ಟು, “ತೀನಾ” ಎಂದರು. ತೀನಾ ಎಂದರೆ ಮೊಸರಿರಬೇಕೆಂದು ನಾನು ಸಂತೋಷದಿಂದ ಎರಡು ಬೆರಳು ತೋರಿಸಿ, ಎರಡು ತೀನಾ ಕೊಡಿ ಎಂದೆ. ಅವರು ಗಾಬರಿಯಾದರು. ಕೊನೆಗೆ ಪರದೆ ನೋಡಿದೆ. ಯಂತ್ರ ‘ಹೆಸರು ಬೇಕಿತ್ತು’ ಎಂದು ಬರೆದುಕೊಂಡಿತ್ತು. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದೆ. ಮತ್ತೆ ಹೆಸರು. ಮೂರನೆಯ ಸಲ ನನಗೆ ಸಿಟ್ಟು ಬಂತು, ದನಿ ಕಂಪಿಸಿತು. ಹಿಂದೆ ಸಾಲಿನಲ್ಲಿ ನಿಂತವರು ನನ್ನನ್ನೇ ನೋಡುತ್ತಿದ್ದರು. ಈ ಸಲ ಯಂತ್ರಕ್ಕೆ ಏನೂ ತಿಳಿಯಲೇ ಇಲ್ಲ.

ತೀನಾ ಕೌಂಟರು ಬಿಟ್ಟು ಬಂದು, ನನ್ನ ಕೈ ಹಿಡಿದು ಕಪಾಟುಗಳ ಉದ್ದಕ್ಕೂ ನಡೆಸಿದರು. ಒಂದೊಂದು ಡಬ್ಬಿ ತೋರಿಸಿ ಮುಖ ಹುಳಿ ಮಾಡಿ, ಇಲ್ಲವೇ ಸಿಹಿ ಮಾಡಿ ತೋರಿಸಿದರು. ಮೊಸರು ಸಿಕ್ಕಿತು. ಹೊರಡುವಾಗ ನನ್ನ ಹೆಸರನ್ನೂ ಕೇಳಿದರು. ಟ್ರಾಮ್‌ನಲ್ಲಿ ನಗದ ಊರಿನ ಬಗ್ಗೆ ನಾನು ಮಾಡಿಕೊಂಡಿದ್ದ ತೀರ್ಮಾನವನ್ನು ಅಲ್ಲೇ ಕೈಬಿಟ್ಟೆ.

ಆದರೆ ಕೋಣೆಗೆ ಬಂದು ಅನ್ನ ಕಲಸುವಾಗ ಕೈ ನಿಂತಿತು. ಮೂರು ಸಲ ತಪ್ಪೆಂದಿತ್ತು ಯಂತ್ರ. ಮೂರನೆಯ ಸಲಕ್ಕೆ ನಲವತ್ತೇಳು ವರ್ಷದ ನನ್ನ ದನಿಯೇ ನಡುಗಿತ್ತು. ಭೂಮಿಕಾಳಿಗೆ ಒಂಬತ್ತು ವರ್ಷ.

ಮಕ್ಕಳ ಓದನ್ನು ಕಳಿಸುವ ಮೊದಲು ಟ್ಯಾಬ್ಲೆಟ್ಟಿನಿಂದ ಇಳಿಸಿಕೊಳ್ಳುತ್ತಿದ್ದೆ, ಅವಳದೂ ನನ್ನ ಫೋನಿನಲ್ಲಿತ್ತು. ಅಂದಿನವರೆಗೂ ನಾನು ಬಣ್ಣ ನೋಡಿದ್ದೆನೇ ಹೊರತು ಓದನ್ನು ಕೇಳಿಸಿಕೊಂಡಿರಲಿಲ್ಲ. ಪಾಠದ ಸಾಲು ಹೀಗಿದೆ: ‘ಬೇಲಿಯ ಮೇಲೆ ಕೋಳಿ ಕೂಗಿತು. ಬೇಗ ಏಳು ಎಂದಿತು.’ ಭೂಮಿಕಾ ತಡವರಿಸದೆ, ಕೋಳಿಯ ಹಮ್ಮನ್ನೂ ದನಿಯಲ್ಲಿ ತಂದು ಓದಿದ್ದಳು: “ಬ್ಯಾಲಿ ಮ್ಯಾಲೆ ಕ್ವಾಳಿ ಕೂಗಿತು. ಬ್ಯಾಗ ಏಳು ಎಂದಿತು.” ಕೆಳಗೆ ಯಂತ್ರ ಬರೆದುಕೊಂಡದ್ದು: ‘ಗಾಳಿ ಮಾಲೆ ಖಾಲಿ ಕೂಗಿತು. ಬ್ಯಾಗ್ ಏಳು.’ ಅವಳು ಅಕ್ಷರ ತಿಳಿಯದೆ ತಪ್ಪಿದವಳಲ್ಲ. ಸಾಲನ್ನು ಒಂದೇ ನೋಟಕ್ಕೆ ಅರ್ಥ ಮಾಡಿಕೊಂಡು ತನ್ನ ಮನೆಯ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಓದು ಬಲ್ಲವರು ಹಾಗೆ ಮಾಡುತ್ತಾರೆ, ಬಾರದವರಲ್ಲ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬಣ್ಣವನ್ನು ನಂಬಿದ್ದೆ.

ಮೊಸರನ್ನ ಹಾಗೇ ಉಳಿಯಿತು.

ತಾರ್ತು

ಮರುದಿನ ರೈಲಿನಲ್ಲಿ ತಾರ್ತು ಎಂಬ ಊರಿಗೆ ಹೋದೆವು. ವಿಶ್ವವಿದ್ಯಾಲಯದ ಹಳೆಯ ಊರು. ಕಿಟಕಿಯಾಚೆ ಕಾಡು, ಮತ್ತೆ ಕಾಡು, ನಡುವೆ ಬುಟ್ಟಿ ಹಿಡಿದು ಅಣಬೆ ಹುಡುಕುವ ಜನ. ಅಣಬೆಯ ವಿಷಯದಲ್ಲಿ ಅವರು ನಮ್ಮವರ ಹಾಗೇ. ಎಲ್ಲಿ ಸಿಕ್ಕಿತೆಂದು ಯಾರಿಗೂ ಹೇಳುವುದಿಲ್ಲವಂತೆ.

ಶಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬರಬೇಕೆಂದರು. ಮಕ್ಕಳೆಲ್ಲ ಒಳಗೆ ಚಪ್ಪಲಿಯಲ್ಲೋ ಕಾಲುಚೀಲದಲ್ಲೋ ಓಡಾಡುತ್ತಿದ್ದರು. ನಮ್ಮಲ್ಲೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುವುದು ಎಂದು ನಾನು ಹಿಗ್ಗಿದೆ. ಚನ್ನಬಸಪ್ಪ ಸರ್ ಹಿಗ್ಗಲಿಲ್ಲ. ಅವರ ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗಿತ್ತು. ಇಡೀ ದಿನ ಎಡಗಾಲನ್ನು ಬಲಗಾಲಿನ ಮೇಲಿಟ್ಟುಕೊಂಡೇ ನಿಂತಿದ್ದರು.

ಆ ಶಾಲೆಯಲ್ಲಿ ಹತ್ತನೇ ತರಗತಿಯ ಒಂದು ಪಾಠ ನೋಡಿದೆವು. ಮಕ್ಕಳು ತಮ್ಮೂರಿನ ಇತಿಹಾಸದ ಬಗ್ಗೆ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಪ್ರಶ್ನೆ ಕೇಳಿದ್ದರು. ಅದು ಕ್ಷಣದಲ್ಲಿ ಚೆಂದದ ಉತ್ತರ ಕೊಟ್ಟಿತ್ತು. ಅಂದಿನ ಪಾಠ ಆ ಉತ್ತರವನ್ನು ಬಾಯಿಪಾಠ ಮಾಡುವುದಲ್ಲ, ಅದರ ತಪ್ಪು ಹುಡುಕುವುದು. ಒಬ್ಬಳು ತನ್ನ ಅಜ್ಜನನ್ನು ಕೇಳಿ ಬಂದಿದ್ದಳು, ಇನ್ನೊಬ್ಬ ಗ್ರಂಥಾಲಯದಿಂದ ಹಳೆಯ ಪತ್ರಿಕೆ ತಂದಿದ್ದ. ತಪ್ಪು ಸಿಕ್ಕಾಗಲೆಲ್ಲ ಮಕ್ಕಳ ಮುಖದಲ್ಲಿ ಮೇಷ್ಟ್ರ ಗಾಂಭೀರ್ಯ ಬರುತ್ತಿತ್ತು. ಪಾಠ ಮಾಡುತ್ತಿದ್ದ ಶಿಕ್ಷಕಿಯನ್ನು ನಾನು, ನಿಮ್ಮ ಮಕ್ಕಳು ಇದರಿಂದ ಸೋಮಾರಿಗಳಾಗುವುದಿಲ್ಲವೇ ಎಂದು ಕೇಳಿದೆ. ಆ ಭಯ ತಮಗೂ ಇದೆ, ಎಷ್ಟೋ ದಿನ ಆಗಿಯೂ ಬಿಡುತ್ತಾರೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಅದು ಮಕ್ಕಳ ಕೈಗೆ ಹೇಗೂ ಬರುತ್ತದೆ. ಬರುವಾಗ ನಾವು ಪಕ್ಕದಲ್ಲಿರುವುದು ಒಳ್ಳೆಯದಲ್ಲವೇ ಎಂದರು.

ಚನ್ನಬಸಪ್ಪ ಸರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನಾನು ಅವರಿಗೆ ಭೂಮಿಕಾಳ ಓದು ಕೇಳಿಸಿದ್ದು ಅಂದು ಸಂಜೆ. ಫೋನನ್ನು ಕಿವಿಗಿಟ್ಟುಕೊಂಡು ಎರಡು ಸಲ ಕೇಳಿದರು. ಮೊದಲ ಸಲ ನಕ್ಕರು, ಎರಡನೆಯ ಸಲ ನಗದೆ ಫೋನು ವಾಪಸು ಕೊಟ್ಟರು.

ವೊರು ಸೀಮೆ, ನಾಲ್ಕನೇ ದಿನ

ದೇಶದ ದಕ್ಷಿಣ ತುದಿಯಲ್ಲಿ ವೊರು ಎಂಬ ಸೀಮೆ ಇದೆ. ಗುಡ್ಡ, ಕೆರೆ, ಆಲೂಗಡ್ಡೆ ಹೊಲ. ವಿದ್ಯುತ್ ಕಂಬಗಳ ತಲೆಯ ಮೇಲೆ ಕೊಕ್ಕರೆಯ ದೊಡ್ಡ ದೊಡ್ಡ ಗೂಡುಗಳು, ಎಲ್ಲವೂ ಖಾಲಿ. ಚಳಿ ಬರುವ ಮೊದಲೇ ಹಕ್ಕಿಗಳು ಆಫ್ರಿಕಾಕ್ಕೆ ಹೊರಟುಹೋಗಿದ್ದವು. ನಮ್ಮ ಗುಡವಿ ಕೆರೆಯ ಮರಗಳು ಅದೇ ಹೊತ್ತಿನಲ್ಲಿ ಬಿಳಿ ಹಕ್ಕಿಗಳಿಂದ ಬಾಗಿರುತ್ತವೆ ಎಂದು ಬಸ್ಸಿನಲ್ಲಿದ್ದ, ನಮ್ಮಂತೆಯೇ ಬಂದಿದ್ದ ಇತರ ದೇಶದ ಶಿಕ್ಷಕರಿಗೆ ಹೇಳಲು ಹೋಗಿ, ಇಂಗ್ಲಿಷ್ ಸಾಲದೆ ಕೈಯಲ್ಲೇ ರೆಕ್ಕೆ ಮಾಡಿ ತೋರಿಸಿದೆ.

ಆ ಸೀಮೆಯ ಮಾತು ರಾಜಧಾನಿಯ ಮಾತಿಗಿಂತ ಬೇರೆ. ನಾವು ಹೋದ ಹಳ್ಳಿ ಶಾಲೆಯಲ್ಲಿ ಒಂದು ಕೋಣೆಯ ಗೋಡೆಗೆಲ್ಲ, ಹೊರಗಿನ ಸದ್ದು ಬಾರದಿರಲೆಂದು, ಕಂಬಳಿ ತೂಗುಹಾಕಿದ್ದರು. ಒಳಗೆ ಒಂದು ಮೇಜು, ಒಂದು ಮೈಕು. ಮೈಕಿನ ಎದುರು ಕೈ ಹೆಣೆದ ಸ್ವೆಟರ್ ತೊಟ್ಟ ಮುದುಕಿಯೊಬ್ಬರು ಕೂತಿದ್ದರು. ಹೆಸರು ಲಿಂಡಾ, ಅದೇ ಸೀಮೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಪ್ರತಿ ಬುಧವಾರ ಸೈಕಲ್ಲಿನಲ್ಲಿ ಬಂದು, ಸೀಮೆಯ ಮಾತಿನಲ್ಲಿ ಕಥೆಗಳನ್ನು ಓದಿ ಹೋಗುತ್ತಾರೆ. ವಿಶ್ವವಿದ್ಯಾಲಯದವರು ಆ ದನಿಯಿಂದ ಯಂತ್ರಕ್ಕೆ ಆ ಮಾತನ್ನು ಕಲಿಸುತ್ತಾರೆ. ಶಾಲೆಯ ಇಂಗ್ಲಿಷ್ ಶಿಕ್ಷಕಿ ಅವರ ಮಾತನ್ನು ನಮಗೆ ತಿಳಿಸಿಕೊಟ್ಟರು.

ನಾನು ಅವರ ಪಕ್ಕದಲ್ಲಿ ಕೂತೆ. ತಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಮನೆಮಾತು ಆಡಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು ಎಂದು ಅವರು ಹೇಳಿದರು. ಎಷ್ಟೋ ಸಲ ನಿಂತಿದ್ದರಂತೆ. ಪಾಪ ಎನ್ನಲು ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು, ಮಾತು ಇನ್ನೂ ಮುಗಿದಿರಲಿಲ್ಲ. ಬೆಳೆದು ತಾವೇ ಟೀಚರಾದ ಮೇಲೆ ತಾವೂ ಮಕ್ಕಳನ್ನು ಅದೇ ಮೂಲೆಯಲ್ಲಿ ನಿಲ್ಲಿಸಿದರಂತೆ, ಹಲವು ವರ್ಷ, ಅದು ಮಕ್ಕಳ ಒಳ್ಳೆಯದಕ್ಕೇ ಎಂದು ನಂಬಿಕೊಂಡು.

ಯಾರಿಗೂ ಹೇಳದಿದ್ದ ಮಾತನ್ನು ನಾನು ಆ ಕಂಬಳಿ ಕೋಣೆಯಲ್ಲಿ ಹೇಳಿದೆ. ಹುಡುಗಿ, ಕೋಳಿ, ಕೆಂಪು ಬಣ್ಣ, ತರಗತಿಯ ಎದುರು ನಾನಾಡಿದ ಮಾತು. ಚನ್ನಬಸಪ್ಪ ಸರ್ ನನ್ನ ಕನ್ನಡವನ್ನು ಇಂಗ್ಲಿಷಿಗೆ ತಂದರು, ಆ ಶಿಕ್ಷಕಿ ಅಲ್ಲಿಂದ ಅವರ ಮಾತಿಗೆ. ಎರಡು ಭಾಷೆ ದಾಟಿ ತಲುಪುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು.

ಲಿಂಡಾ ಮೈಕನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದ್ದು ಇಷ್ಟು: “ನಾನು ನಿಲ್ಲಿಸಿದ ಮಕ್ಕಳೆಲ್ಲ ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಕೆಲವರು ಇಲ್ಲವೇ ಇಲ್ಲ. ನಿಮ್ಮ ಹುಡುಗಿ ಇನ್ನೂ ನಾಲ್ಕನೇ ತರಗತಿಯಲ್ಲೇ ಇದ್ದಾಳಲ್ಲ.”

ಊಟದ ಹೊತ್ತಾಯಿತೆಂದು ಗಂಟೆ ಬಾರಿಸಿದರು. ಅವರು ನನಗೆ ತಮ್ಮ ಮರದ ಎರಡು ಸೇಬು ಕೊಟ್ಟು ಸೈಕಲ್ ಹತ್ತಿದರು. ಆ ವಯಸ್ಸಿನಲ್ಲಿ ಅವರು ಏರು ರಸ್ತೆಯಲ್ಲೂ ಸೈಕಲ್ಲಿನಿಂದ ಇಳಿಯದೆ ತುಳಿದುಕೊಂಡೇ ಹೋದರು.

ಮತ್ತೆ ತಾರ್ತು

ನನ್ನ ಹತ್ತು ನಿಮಿಷ ಮರುದಿನ ಬೆಳಿಗ್ಗೆ. ತಿಂಡಿಯ ಮೇಜಿನಲ್ಲಿ ನಂದಿನಿ ಮೇಡಂಗೆ ವಿಷಯ ಹೇಳಿದೆ. ಹಸಿರು ಚಿತ್ರಪಟಗಳ ಜೊತೆಗೆ ಭೂಮಿಕಾಳ ಓದನ್ನೂ ಕೇಳಿಸುತ್ತೇನೆ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟರು. ಇದು ಊರಿಗೆ ಹೋಗಿ ನಮ್ಮೊಳಗೆ ಮಾತಾಡುವ ವಿಷಯ, ಹೊರಗಿನವರ ಮುಂದೆ ಯಾಕೆ ಎಂದರು. ಸಿಟ್ಟಿನಿಂದ ಅಲ್ಲ, ಈ ಪ್ರಯೋಗ ನಿಂತರೆ ಉಳಿದ ಸಾವಿರಾರು ಮಕ್ಕಳಿಗೆ ಸಿಗುತ್ತಿರುವುದೂ ನಿಂತುಹೋಗುತ್ತದೆ ಎಂಬ ಭಯದಿಂದ. ಆ ಭಯ ಸುಳ್ಳಲ್ಲ. ನನ್ನ ತರಗತಿಯಲ್ಲೇ, ಜನರೆದುರು ಬಾಯಿ ಬಿಡದ ಇಬ್ಬರು ಮಕ್ಕಳು, ತಪ್ಪಿದರೂ ನಗದ ಯಂತ್ರದ ಮುಂದೆ ಓದಲು ಕಲಿತಿದ್ದರು.

ಚನ್ನಬಸಪ್ಪ ಸರ್ ರೊಟ್ಟಿ ಮುರಿಯುತ್ತ ಕೂತಿದ್ದವರು ತಲೆ ಎತ್ತಿದರು. “ನಂದೂ ಹತ್ತು ನಿಮಿಷ ಐತಲ್ರಿ ಮೇಡಂ. ಅದನ್ನೂ ಗಿರಿಜಾ ಮೇಡಮ್ಮೋರಿಗೆ ಕೊಟ್ಬಿಡ್ರಿ. ಯಂತ್ರಕ್ಕ ಪಕ್ಷಪಾತ ಇಲ್ಲ ಅಂತ ಊರೆಲ್ಲಾ ಹೇಳ್ಕೊಂಡು ಬಂದೋನು ನಾನು. ತನಗೇ ಗೊತ್ತಿಲ್ದ ಪಕ್ಷಪಾತ ಮಾಡ್ತದ ಅಂತ ಈಗ ತಿಳೀತು.”

ನಂದಿನಿ ಮೇಡಂ ಫೋನು ಕೇಳಿದರು. ಭೂಮಿಕಾಳ ಓದನ್ನು ಕಿವಿಗೆ ಹಾಕಿಕೊಂಡು ಕೇಳಿದರು, ಯಂತ್ರ ಬರೆದದ್ದನ್ನು ನೋಡಿದರು. ಕೊನೆಗೆ, “ಮಗುವಿನ ಹೆಸರು ಹೇಳಬೇಡಿ. ತಾಯಿಯ ಒಪ್ಪಿಗೆ ತಗೊಳ್ಳಿ. ಅಷ್ಟು ಮಾತ್ರ,” ಎಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಕೂಡಲೇ ಶಾಲೆಗೆ ಫೋನು ಮಾಡಿದೆ. ನಮ್ಮಲ್ಲಿ ಅಡುಗೆಯ ಹೊತ್ತು. ಸಾಂಬಾರು ಕುದಿಯುವ ಸದ್ದು ಕೇಳುತ್ತಿತ್ತು. ಎಲ್ಲವನ್ನೂ ಹೇಳಿ, ನನ್ನಿಂದ ತಪ್ಪಾಗಿದೆ ಎಂದೆ. ಸಾಂಬಾರಿನ ಸದ್ದು ದೂರವಾಯಿತು, ರೇಣುಕಮ್ಮ ಹೊರಗೆ ಬಂದಿರಬೇಕು. “ಕೇಳ್ಸಿ ಅಕ್ಕೋರೆ. ಬಂದ್ಮೇಲೆ ಆ ಮಾತ್ನ ಅವ್ಳಿಗೂ ಹೇಳಿ,” ಎಂದರು.

ಸಭೆಯಲ್ಲಿ ಹಲವು ದೇಶಗಳ ಶಿಕ್ಷಕರಿದ್ದರು. ಮೊದಲು ಹಸಿರು ಚಿತ್ರಗಳನ್ನು ತೋರಿಸಿದೆ, ಅವೂ ನಿಜವೇ. ಆಮೇಲೆ ಭೂಮಿಕಾಳ ದನಿ. ಕನ್ನಡ ಗೊತ್ತಿದ್ದವರು ಆ ಕೋಣೆಯಲ್ಲಿ ಮೂವರೇ. ಆದರೂ ಕೋಳಿ ಕೂಗುವಲ್ಲಿ ಅವಳು ದನಿ ಏರಿಸಿದಾಗ ಇಡೀ ಕೋಣೆ ನಕ್ಕಿತು. ಭಾಷೆ ತಿಳಿಯದವರಿಗೂ ಅದು ಕೋಳಿ ಎಂದು ತಿಳಿದಿತ್ತು. ಈ ಓದಿಗೆ ಯಂತ್ರ ಕೆಂಪು ಕೊಟ್ಟಿತು ಎಂದೆ. ನಗು ನಿಂತಿತು.

ಪ್ರಶ್ನೆಗಳ ಸಮಯದಲ್ಲಿ ಯಾವುದೋ ದೇಶದ ವಯಸ್ಸಾದ ಶಿಕ್ಷಕರೊಬ್ಬರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು. ಯಂತ್ರ ತಪ್ಪು ಹೇಳಿತು, ಸರಿ. ಆ ಹೊತ್ತಿನಲ್ಲಿ ಟೀಚರು ಏನು ಮಾಡಿದರು?

ನನಗಿದ್ದ ಇಂಗ್ಲಿಷ್ ಪೂರ್ತಿ ಹೋಯಿತು. ಕನ್ನಡದಲ್ಲೇ ಹೇಳಿದೆ. “ಆ ಟೀಚರು ನಾನೇ. ನಾನು ಮಗುವಿನ ದನಿ ಕೇಳಲಿಲ್ಲ. ಯಂತ್ರವನ್ನು ನಂಬಿದೆ. ಎಲ್ಲರೆದುರಿಗೆ ಮಗುವನ್ನು ಬೈದೆ.”

ಚನ್ನಬಸಪ್ಪ ಸರ್ ಒಂದಕ್ಷರ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಹೇಳಿ ಮುಗಿಸಿ ನನ್ನ ಪಕ್ಕದಲ್ಲೇ ನಿಂತರು, ಕೂರಲು ಹೋಗಲಿಲ್ಲ. ಪ್ರಶ್ನೆ ಕೇಳಿದವರು, ತಮ್ಮ ದೇಶದಲ್ಲೂ ಗುಡ್ಡದ ಮೇಲಿನ ಮಕ್ಕಳಿಗೆ ಹೀಗೇ ಆಗಿದೆ, ತಾವೂ ಹೀಗೇ ಮಾಡಿದ್ದೇವೆ, ಆದರೆ ಸಭೆಯಲ್ಲಿ ಹೇಳಿಲ್ಲ ಎಂದರು. ಅಲ್ಲಿಂದ ಚರ್ಚೆ ಊಟದ ಹೊತ್ತು ಮೀರಿ ನಡೆಯಿತು. ನಂದಿನಿ ಮೇಡಂ ಮುಂದಿನ ಸಾಲಿನಲ್ಲಿ ಕೂತು ಒಂದೇ ಸಮನೆ ಬರೆದುಕೊಳ್ಳುತ್ತಿದ್ದರು. ಊಟಕ್ಕೆ ಏಳುವಾಗ ನನ್ನ ಬಳಿ ಬಂದು, ಸೊರಬ, ಶಿಕಾರಿಪುರ ಎರಡೂ ಕಡೆ ಕೆಂಪು ಬಂದ ಮಕ್ಕಳ ಓದನ್ನೆಲ್ಲ ಮತ್ತೆ ಕೇಳಿಸಿಕೊಳ್ಳಲು ಎಷ್ಟು ದಿನ ಬೇಕಾಗಬಹುದು ಎಂದು ಕೇಳಿದರು. ಒಬ್ಬಳಿಗಾದರೆ ತಿಂಗಳು ಎಂದೆ. “ಇಬ್ಬರು ಅನ್ರಿ,” ಎಂದರು ಚನ್ನಬಸಪ್ಪ ಸರ್.

ಊರು

ವಿಮಾನದಲ್ಲಿ ಬರುವಾಗ ಹೆದರಿಕೆ ಇತ್ತು. ಸಭೆಯಲ್ಲಿ ಆಡಿದ ಮಾತಿಗೆ ನೋಟೀಸು ಬರಬಹುದು, ಟ್ಯಾಬ್ಲೆಟ್ಟುಗಳನ್ನೇ ವಾಪಸು ತೆಗೆದುಕೊಳ್ಳಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

ಶಾಲೆಗೆ ಹೋದ ಮೊದಲ ದಿನವೇ ಭೂಮಿಕಾಳನ್ನು ಕರೆದು, ಅಂದು ಬೈದಿದ್ದು ಎಲ್ಲರೆದುರಿಗಾದ್ದರಿಂದ ಇದನ್ನೂ ಎಲ್ಲರೆದುರಿಗೇ ಹೇಳಿದೆ. ತಪ್ಪು ನನ್ನದು, ನೀನು ಚೆನ್ನಾಗಿಯೇ ಓದಿದ್ದೆ ಎಂದೆ. ಅವಳು ನನ್ನ ಮುಖ ನೋಡದೆ ಲಂಗದ ಅಂಚು ತಿರುಚುತ್ತ ನಿಂತಳು. ಬಾಗಿಲ ಹೊರಗೆ ರೇಣುಕಮ್ಮ ಸೌಟು ಹಿಡಿದು ನಿಂತಿದ್ದರು. ನಾನು ಅಂದುಕೊಂಡಂತೆ ಅವಳು ಅಂದೇ ಮುಂದಿನ ಸಾಲಿಗೆ ಬರಲಿಲ್ಲ. ಮರುದಿನವೂ ಇಲ್ಲ. ನೊಂದ ಮಗು ನಮಗೆ ಅನುಕೂಲವಾದ ಹೊತ್ತಿಗೆ ಮರೆಯುವುದಿಲ್ಲ. ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಒಂದನೇ ತರಗತಿಯ ಮಕ್ಕಳಿಗೆ ಯಾರೋ ಕಥೆ ಓದಿ ಹೇಳುವುದು ಕೇಳಿಸಿತು. ಬಗ್ಗಿ ನೋಡಿದರೆ ಅವಳೇ. ನಾನು ಸದ್ದಿಲ್ಲದೆ ಹಿಂದೆ ಬಂದೆ.

ನಾನು ಸೊರಬದ ಶಾಲೆಗಳ, ಚನ್ನಬಸಪ್ಪ ಸರ್ ಶಿಕಾರಿಪುರದ ಶಾಲೆಗಳ ಓದುಗಳನ್ನು ಕೂತು ಕೇಳಿದೆವು. ಎಲ್ಲ ಕೆಂಪೂ ಸುಳ್ಳಾಗಿರಲಿಲ್ಲ. ನಿಜವಾಗಿ ಸಹಾಯ ಬೇಕಾದ ಮಕ್ಕಳೂ ಇದ್ದರು, ಅವರನ್ನು ಯಂತ್ರ ನಮಗಿಂತ ಮೊದಲೇ ಗುರುತಿಸಿತ್ತು. ಆದರೆ ಚಂದ್ರಗುತ್ತಿ ಕಡೆಯ ಒಂದು ಶಾಲೆಯಲ್ಲಿ ಕೆಂಪಾದವರೆಲ್ಲ ಚೆನ್ನಾಗಿಯೇ ಓದುತ್ತಿದ್ದರು, ಊರ ಮಾತಿನಲ್ಲಿ. ನಂದಿನಿ ಮೇಡಂ ಬೆಂಗಳೂರಿನಲ್ಲಿ ಎಷ್ಟು ಮೇಜು ಸುತ್ತಿದರೋ ತಿಳಿಯದು. ಚಳಿಗಾಲ ಮುಗಿಯುವ ಹೊತ್ತಿಗೆ ಹೊಸ ಸೂಚನೆ ಬಂತು: ಬಣ್ಣ ನೋಡಿ ಯಾರನ್ನೂ ಪಟ್ಟಿಗೆ ಸೇರಿಸುವಂತಿಲ್ಲ, ಟೀಚರು ಕೂತು ಓದು ಕೇಳಬೇಕು, ಟೀಚರ ಮಾತೇ ಕೊನೆ. ಜೊತೆಗೆ, ತಂದೆತಾಯಿ ಒಪ್ಪಿದ ಮಕ್ಕಳ ದನಿಯನ್ನು ನಮ್ಮ ಸೀಮೆಗಳಿಂದ ಸಂಗ್ರಹಿಸಿ ಯಂತ್ರಕ್ಕೆ ಕಲಿಸಬೇಕು.

ದನಿ ಸಂಗ್ರಹದ ಮೊದಲ ದಿನ ಭೂಮಿಕಾ ತಾನಾಗಿಯೇ ಬಂದು ಟ್ಯಾಬ್ಲೆಟ್ಟಿನ ಎದುರು ಕೂತಳು. ನಾನು ಪಕ್ಕದಲ್ಲಿ ಕೂತೆ. ಒಂದು ಪುಟವನ್ನು ತನ್ನ ಎಂದಿನ ವೇಗದಲ್ಲೇ ಓದಿದಳು. ಪರದೆ ಹಳದಿಯಾಯಿತು.

“ಚೆನ್ನಾಗಿ ಓದಿದ್ನಲ್ಲ ಅಕ್ಕೋರೆ, ಮತ್ತೆ ಹಳದಿ ಯಾಕೆ?” ಎಂದು ಕೇಳಿದಳು.

ನೀನು ಚೆನ್ನಾಗಿಯೇ ಓದಿದೆ, ಯಂತ್ರಕ್ಕೆ ನಮ್ಮ ಮಾತು ಇನ್ನೂ ಬರುವುದಿಲ್ಲ, ಈಗಷ್ಟೇ ಕಲಿಯುತ್ತಾ ಇದೆ ಎಂದೆ.

ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. “ಪಾಪ,” ಎಂದಳು. ಪುಟ ಹಿಂದಕ್ಕೆ ತಿರುಗಿಸಿ, ಯಂತ್ರಕ್ಕೋಸ್ಕರ ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು.